ಕೈ ಮರೆತ ಹಾರಾಟ

ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತರಲ್ಲಿ ನಮ್ಮ ಕಟ್ಟಡದ ಹೆಂಗಸರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಗಂಡ ವಿಮಾನ ಓಡಿಸುತ್ತಾರಲ್ಲ, ನಿಮಗೆ ಹೆದರಿಕೆ ಆಗುವುದಿಲ್ಲವೇ? ನಾನು ನಗುತ್ತಿದ್ದೆ. ನನಗೆ ಹೆದರಿಕೆಯಾಗುತ್ತಿದ್ದದ್ದು ಅವರು ವಿಮಾನ ನಿಲ್ದಾಣಕ್ಕೆ ಹೋಗಲು ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತುವಾಗ. ಕಂಪನಿಯ ಕಾರು ಡೊಂಬಿವಲಿಯವರೆಗೆ ಬರುತ್ತಿರಲಿಲ್ಲ. ಯೂನಿಫಾರ್ಮಿನ ಬಿಳಿ ಅಂಗಿಯನ್ನು ಬ್ಯಾಗಿನೊಳಗೆ ಮಡಚಿಟ್ಟುಕೊಂಡು, ಬಾಗಿಲಿಗೆ ಜೋತುಬಿದ್ದವರ ನಡುವೆ ಅವರು ತೂರಿಕೊಳ್ಳುವುದನ್ನು ನಾನು ಒಂದೆರಡು ಸಲ ಕಣ್ಣಾರೆ ಕಂಡಿದ್ದೆ. ಆ ಮನುಷ್ಯ ಒಮ್ಮೆ ವಿಮಾನದೊಳಗೆ ಹೋಗಿ ಕೂತರೆ ಕ್ಷೇಮ ಎಂದು ನನಗೆ ನಿಶ್ಚಯವಿತ್ತು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು ಇದು. ನಮ್ಮಿಬ್ಬರ ಮನೆಯವರೂ ಉಡುಪಿ ಕಡೆಯವರು. ನನ್ನ ಮಾವ ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಅವರ ಮಗ ಗಲ್ಲಾದ ಮೇಲೆ ಕೂರದೆ ಪೈಲಟ್ ಆದದ್ದು ನಮ್ಮ ಬಳಗದಲ್ಲಿ ಬಹಳ ಕಾಲ ಸುದ್ದಿಯಾಗಿತ್ತು. ನಾನು ಠಾಣೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಮನೆಯೊಳಗೆ ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ. ಬಾಗಿಲು ದಾಟಿದರೆ ಮರಾಠಿ, ಹಿಂದಿ.

ಆಗ ಅವರು ಎರಡು ಪಂಖಗಳ ಸಣ್ಣ ವಿಮಾನವೊಂದರಲ್ಲಿ ಕೋ-ಪೈಲಟ್. ಸಣ್ಣ ಊರುಗಳ ಸಣ್ಣ ರನ್‌ವೇಗಳಿಗೆ ಹೋಗಿ ಬರುವ ಕೆಲಸ. ಆ ವಿಮಾನದಲ್ಲೂ ಆಟೋಪೈಲಟ್ ಇತ್ತಂತೆ. ಆದರೆ ದಾರಿ ಎಷ್ಟು ಚಿಕ್ಕದೆಂದರೆ, ಅದನ್ನು ಹಾಕಿ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಇಳಿಯುವ ಊರು ಬಂದುಬಿಡುತ್ತಿತ್ತು. ಹಾಗಾಗಿ ಹೆಚ್ಚಿನದೆಲ್ಲ ಕೈಯಲ್ಲೇ. ಮನೆಗೆ ಬಂದು ಊಟಕ್ಕೆ ಕೂತರೆ ಅಂಗೈಯನ್ನೇ ವಿಮಾನ ಮಾಡಿ ತಟ್ಟೆಯ ಮೇಲೆ ಹಾರಿಸುತ್ತಿದ್ದರು.

"ಇವತ್ತು ಗಾಳಿ ಎಡದಿಂದ ಹೇಗೆ ನೂಕಿತು ಗೊತ್ತುಂಟಾ? ಮೂತಿ ಅತ್ಲಾಗೆ, ಹೋಗುವುದು ಇತ್ಲಾಗೆ. ಚಕ್ರ ನೆಲ ಮುಟ್ಟುವ ಮೊದಲು ಕಾಲಲ್ಲಿ ಒತ್ತಿ ಸೀದಾ ಮಾಡ್ಬೇಕು. ಬೇಗ ಒತ್ತಿದ್ರೂ ಕೆಟ್ಟಿತು, ತಡ ಆದ್ರೂ ಕೆಟ್ಟಿತು."

"ಯಾವಾಗ ಒತ್ತಬೇಕು ಅಂತ ಹೇಗೆ ಗೊತ್ತಾಗ್ತದೆ?"

"ಬೆನ್ನಿಗೆ ಗೊತ್ತಾಗ್ತದೆ ಮಾರಾಯ್ತಿ. ನೀನು ಸಣ್ಣದಿರುವಾಗ ಸೈಕಲ್ ಬಿಟ್ಟದ್ದು ಯೋಚನೆ ಮಾಡಿ ಬಿಟ್ಟದ್ದಾ?"

ಮಾವ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅತ್ತೆ, "ಅವನ ಸಾರು ತಣಿಯಿತು" ಎಂದು ಗೊಣಗುತ್ತಿದ್ದರು.

ಒಂದು ಸಲ ನಾನೂ ಅವರ ವಿಮಾನದಲ್ಲಿ ಪ್ರಯಾಣಿಕಳಾಗಿ ಹೋಗಿದ್ದೆ. ಹೊಟ್ಟೆಯಲ್ಲಿ ಮಗಳಿದ್ದಳು. ಇಳಿಯುವಾಗ ಗಾಳಿ ವಿಮಾನವನ್ನು ಮೊರದಲ್ಲಿ ಅಕ್ಕಿ ಕೇರುವಂತೆ ಕೇರಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಮುಂಗೈ ಹಿಡಿದುಕೊಂಡು ಮರಾಠಿಯಲ್ಲಿ ದೇವರನ್ನು ಕರೆಯುತ್ತಿದ್ದರು. ಆಮೇಲೆ ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಎಲ್ಲರೂ ಇಳಿಯುವಾಗ ಇವರು ಕಾಕ್‌ಪಿಟ್ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಶಾಲೆಯಲ್ಲಿ ಬಹುಮಾನ ತಂದ ಮಕ್ಕಳ ಮುಖದಲ್ಲಿರುತ್ತದಲ್ಲ, ಅಂಥ ಹೆಮ್ಮೆ ಅದು. ನಾನು ಇವತ್ತಿಗೂ ಅವರನ್ನು ನೆನೆಯುವುದು ಆ ಬಾಗಿಲಲ್ಲಿ ನಿಂತ ಹಾಗೆ.

ಕೆಲವು ವರ್ಷಗಳಲ್ಲಿ ಎಲ್ಲೆಲ್ಲೂ ಹೊಸ ವಿಮಾನ ಕಂಪನಿಗಳು ಬಂದವು. ಇವರು ಒಂದು ದೊಡ್ಡ ಕಂಪನಿ ಸೇರಿ ಜೆಟ್ ವಿಮಾನಕ್ಕೆ ಬದಲಾದರು. ನಾವು ಐರೋಲಿಯಲ್ಲಿ ಫ್ಲ್ಯಾಟ್ ಮಾಡಿದೆವು; ಅತ್ತೆ, ಮಾವ ಡೊಂಬಿವಲಿಯಲ್ಲೇ ಉಳಿದರು. ಈಗ ಕಂಪನಿಯ ಕಾರು ಕಟ್ಟಡದ ಕೆಳಗೇ ಬಂದು ನಿಲ್ಲುತ್ತಿತ್ತು. ಸೇತುವೆ ದಾಟಿ ಮುಲುಂಡ್ ಮೇಲೆ ಹೋದರೆ ಆಯಿತು. ಅವರು ಬೇಗನೆ ಕ್ಯಾಪ್ಟನ್ ಆದರು. ಹೊಸ ವಿಮಾನದಲ್ಲಿ ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಹಿಡಿ ಇರಲಿಲ್ಲ. ಕ್ಯಾಪ್ಟನ್ ಆಸನದ ಎಡಪಕ್ಕದಲ್ಲಿ ಮಕ್ಕಳ ವಿಡಿಯೋ ಗೇಮಿನಲ್ಲಿರುವಂಥ ಪುಟ್ಟ ಕೋಲು. ಕಂಪ್ಯೂಟರ್ ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು.

"ನಾನು ತಪ್ಪು ಮಾಡ್ತೇನೆ ಅಂದ್ರೂ ಅದು ಬಿಡುವುದಿಲ್ಲ," ಎಂದು ಅವರು ಮೊದಮೊದಲು ಮೆಚ್ಚಿಕೊಂಡು ಹೇಳುತ್ತಿದ್ದರು. ನನಗೂ ಸಮಾಧಾನವಾಗಿತ್ತು. ಇನ್ನೇನು ಬೇಕು?

ಆದರೆ ಊಟದ ಹೊತ್ತಿಗೆ ಅಂಗೈ ಹಾರುವುದು ನಿಂತಿತು. ನಾನು "ಇವತ್ತು ಹೇಗಿತ್ತು?" ಎಂದರೆ, "ಎಂತ ಇಲ್ಲ. ಅದೇ ಹೋಯ್ತು, ಅದೇ ಬಂತು" ಎನ್ನುತ್ತಿದ್ದರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಆಟೋಪೈಲಟ್ ಹಾಕಬೇಕು, ಇಳಿಯುವ ಕೊನೆಗಳಿಗೆಯವರೆಗೂ ತೆಗೆಯಬಾರದು. ಅದು ಅವರ ಕಂಪನಿಯ ಪದ್ಧತಿ. ಪ್ರತಿ ಹಾರಾಟವೂ ರೆಕಾರ್ಡ್ ಆಗುತ್ತಿತ್ತು. ಎಲ್ಲಾದರೂ ಸ್ವಲ್ಪ ಆಚೀಚೆಯಾದರೆ ಆಫೀಸಿನಿಂದ ಫೋನು. ಅದರ ಭಯಕ್ಕೆ ಯಾರೂ ಕೋಲನ್ನು ಮುಟ್ಟುತ್ತಲೇ ಇರಲಿಲ್ಲ ಎಂದು ಇವರೇ ಹೇಳುತ್ತಿದ್ದರು.

ಒಂದು ಭಾನುವಾರ ನಾನು ದೋಸೆ ಹೊಯ್ಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಕೇಳದಿದ್ದರೂ ಹೇಳಿದರು.

"ನಿನ್ನೆ ಹವೆ ಚೆನ್ನಾಗಿತ್ತು. ಎಲ್ಲ ಆಫ್ ಮಾಡಿ ಕೈಯಲ್ಲೇ ಇಳಿಸಿದೆ."

"ಒಳ್ಳೇದಾಯ್ತಲ್ಲ."

"ಇಳಿಸಿದೆ ಅಷ್ಟೆ. ಮೊದಲು ವಿಮಾನ ನನ್ನ ಜೊತೆ ಬರ್ತಿತ್ತು. ನಿನ್ನೆ ಅದು ಮುಂದೆ, ನಾನು ಹಿಂದಿನಿಂದ ಓಡ್ತಾ ಇದ್ದ ಹಾಗೆ. ಪಕ್ಕದಲ್ಲಿ ಕೂತವನಿಗೆ ಗೊತ್ತಾಗ್ಲಿಲ್ಲ. ನನಗೆ ಗೊತ್ತಾಯ್ತು."

ಮರುದಿನ ಆಫೀಸಿನಿಂದ ಫೋನು ಬಂತು, ಅಷ್ಟು ಮೇಲೆಯೇ ಆಟೋಪೈಲಟ್ ಯಾಕೆ ತೆಗೆದಿರಿ ಎಂದು. ಅವರು ತಮ್ಮ ಮೇಲಿನ ಹಿರಿಯರೊಬ್ಬರನ್ನು ಕಂಡು, ಹವೆ ತಿಳಿಯಾಗಿರುವ ದಿನ ಆಗೊಮ್ಮೆ ಈಗೊಮ್ಮೆ ಕೈಯಲ್ಲಿ ಹಾರಿಸಲು ಬಿಡಿ, ಕೈ ಮರೆಯುತ್ತಿದೆ ಎಂದು ಕೇಳಿಕೊಂಡರು. ಆ ಹಿರಿಯರು ಕೆಟ್ಟವರಲ್ಲ. "ಪ್ಯಾಸೆಂಜರುಗಳನ್ನು ಕೂರಿಸಿಕೊಂಡು ನೀನು ಅಭ್ಯಾಸ ಮಾಡ್ತೀಯಾ?" ಎಂದರಂತೆ. ಇವರು ಎದ್ದು ಬಂದರು. ಆಗಾಗ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ, ಸಿಮ್ಯುಲೇಟರಿನಲ್ಲಿ, ಪರೀಕ್ಷೆ ಇರುತ್ತಿತ್ತು, ನಿಜ. ಅಲ್ಲಿ ಪ್ರತಿ ಸಲವೂ ಅದೇ ಇಂಜಿನ್ ಕೆಡುತ್ತಿತ್ತು, ಅದೇ ಬೆಂಕಿ ಹತ್ತುತ್ತಿತ್ತು. ಇವರು ಪ್ರತಿ ಸಲ ಪಾಸಾಗುತ್ತಿದ್ದರು.

ಆ ದಿನಗಳಲ್ಲಿ ಅವರ ಬಾಯಲ್ಲಿ ಆಗಾಗ ಬರುತ್ತಿದ್ದವಳು ಕಲ್ಯಾಣದ ಒಬ್ಬ ಹುಡುಗಿ. ಅವರ ಕಂಪನಿಯಲ್ಲೇ ಗಗನಸಖಿ. ತಂದೆ ತಾಯಿ ಗದಗ ಕಡೆಯವರು. ತಂದೆ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ತಾಯಿ, ಮಗಳು ಕಲ್ಯಾಣ ಪೂರ್ವದಲ್ಲಿ ಇದ್ದರು. ಕ್ಯಾಪ್ಟನ್ ಕನ್ನಡದವರೆಂದು ಗೊತ್ತಾದ ದಿನದಿಂದ ಅವಳು ಚಹಾ ತಂದಾಗಲೆಲ್ಲ ಇವರ ಕರಾವಳಿ ಕನ್ನಡವನ್ನು ಅಣಕಿಸುತ್ತಿದ್ದಳಂತೆ. "ಎಂತ ಸರ್, ಮಂಡೆ ಬೆಚ್ಚ ಉಂಟಾ?" ಎಂದು. ಮನೆಗೆ ಬಂದು ಇವರು ಅವಳ ಅಣಕವನ್ನೇ ಅಣಕಿಸಿ ನಮ್ಮನ್ನು ನಗಿಸುತ್ತಿದ್ದರು. ಒಂದು ದೀಪಾವಳಿಗೆ ಅವಳು ತಾಯಿ ಮಾಡಿದ ಕರ್ಚಿಕಾಯಿ ಕಳಿಸಿದ್ದಳು.

ಅದು ಮಳೆಗಾಲದ ಒಂದು ಮಧ್ಯಾಹ್ನ. ನಾನು ಬ್ಯಾಂಕಿನಲ್ಲಿದ್ದೆ. ಅವರ ಫೋನು ಬಂತು.

"ನಾನು ಸರಿ ಇದ್ದೇನೆ."

"ಯಾಕೆ, ಎಂತಾಯ್ತು?"

"ನಾನು ಸರಿ ಇದ್ದೇನೆ ಅಂತ ಹೇಳ್ಲಿಕ್ಕೆ ಮಾಡಿದ್ದು. ಅಮ್ಮನಿಗೂ ಹೇಳು. ಟಿವಿ ನೋಡ್ಬೇಡಿ."

ಅಷ್ಟಕ್ಕೇ ಫೋನು ಇಟ್ಟರು. ನಾನು ಠಾಣೆಯಿಂದ ರೈಲು ಹಿಡಿದು ಐರೋಲಿಗೆ ಬರುವಷ್ಟರಲ್ಲಿ ಅತ್ತೆ ಡೊಂಬಿವಲಿಯಿಂದ ಮತ್ತೆ ಮತ್ತೆ ಫೋನು ಮಾಡಿದ್ದರು. ಟಿವಿಯಲ್ಲಿ ಬಂದಿತ್ತು: ವಿಮಾನವೊಂದು ಆಕಾಶದಲ್ಲಿ ಒಮ್ಮೆಲೇ ಮೇಲಕ್ಕೆ ಹೋಗಿ ಕೆಳಕ್ಕೆ ಕುಸಿದಿದೆ, ಹಲವರಿಗೆ ಪೆಟ್ಟಾಗಿದೆ, ಕೊನೆಗೆ ಸುರಕ್ಷಿತವಾಗಿ ಇಳಿದಿದೆ.

ಅವರು ಸಂಜೆ ಬಂದರು. ಶೂ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು. ಮಗಳು ಓಡಿ ಹೋಗಿ ಕಾಲು ತಬ್ಬಿಕೊಂಡಳು. "ಪಪ್ಪಾ, ಟೀವಿ ಮೇಂ ಆಪ್‌ಕಾ ಪ್ಲೇನ್ ಥಾ ಕ್ಯಾ?" ಟಿವಿಯಲ್ಲಿ ಬಂದದ್ದು ನಿಮ್ಮ ವಿಮಾನವಾ ಎಂದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿದ್ದದ್ದು ಹಿಂದಿ. ಅವರು ಅವಳ ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು.

"ನಮ್ಮ ಕಲ್ಯಾಣದ ಹುಡುಗಿ ಐಸಿಯುನಲ್ಲಿ ಇದ್ದಾಳೆ," ಎಂದರು.

ಏನಾಯಿತೆಂದು ನನಗೆ ಪೂರ್ತಿ ಗೊತ್ತಾದದ್ದು ಹಲವು ದಿನಗಳ ಮೇಲೆ. ಅಷ್ಟರಲ್ಲಿ ವಿಚಾರಣೆಯವರು ಅವರನ್ನು ಕರೆಸಿ ಕೇಳಿಯಾಗಿತ್ತು. ಹಾರಾಟದಿಂದ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಒಂದು ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಊಟದ ಮೇಜಿನ ಎದುರು ಕೂತು ಅವರೇ ಶುರು ಮಾಡಿದರು.

"ಮೇಲೆ ಮೋಡದೊಳಗೆ ಐಸ್ ಇರ್ತದೆ. ಅದು ವೇಗ ಅಳೆಯುವ ಕೊಳವೆಗಳನ್ನು ಮುಚ್ಚಿತು. ಕಂಪ್ಯೂಟರಿಗೆ ವೇಗ ಎಷ್ಟು ಅಂತ ಗೊತ್ತಾಗ್ಲಿಲ್ಲ. ಗೊತ್ತಾಗದಿದ್ರೆ ಅದು ಕೈ ಬಿಡ್ತದೆ. ಇಗೋ, ನೀನೇ ಹಿಡ್ಕೋ ಅಂತ."

"ಆಗ ಎಂತ ಮಾಡ್ಬೇಕು?"

"ಎಂತದೂ ಮಾಡ್ಬಾರ್ದು. ಮೂತಿ ಹೇಗಿತ್ತೋ ಹಾಗೇ, ಇಂಜಿನ್ ಎಷ್ಟಿತ್ತೋ ಅಷ್ಟೇ ಇಟ್ಕೊಂಡು ಸುಮ್ಮನೆ ಹಿಡ್ಕೊಂಡು ಕೂತ್ಕೋಬೇಕು. ಕೊಳವೆ ತೆರೆದುಕೊಂಡ ಮೇಲೆ ಎಲ್ಲ ಸರಿಯಾಗ್ತದೆ. ಪುಸ್ತಕದಲ್ಲಿ ಉಂಟು. ನಾನೇ ಜೂನಿಯರ್‌ಗಳಿಗೆ ಹೇಳಿದ್ದೇನೆ."

ಅವರು ಎಡಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಹತ್ತಿರ ತಂದು, ನಡುವೆ ಒಂದಿಷ್ಟು ಜಾಗ ಬಿಟ್ಟು ತೋರಿಸಿದರು. "ಜಾಸ್ತಿ ಅಂದ್ರೆ ಇಷ್ಟು ಎಳೀಬಹುದಿತ್ತು." ಆಮೇಲೆ ಬೆರಳುಗಳನ್ನು ತುಸು ಅಗಲಿಸಿದರು. "ನಾನು ಇಷ್ಟು ಎಳೆದೆ."

ನನಗೆ ಎರಡರ ನಡುವೆ ವ್ಯತ್ಯಾಸವೇ ಕಾಣಿಸಲಿಲ್ಲ. ನಾನು ಅವರ ಬೆರಳುಗಳನ್ನೇ ನೋಡುತ್ತಾ ಕೂತೆ.

ವಿಮಾನದ ಮೂತಿ ಮೇಲೆದ್ದಿತು. ಬೀಳುವ ಎಚ್ಚರಿಕೆ ಕೂಗತೊಡಗಿತು. ಹೆದರಿ ಅವರು ಕೋಲನ್ನು ಮುಂದಕ್ಕೆ ದಬ್ಬಿದರು, ಬೇಕಾದ್ದಕ್ಕಿಂತ ಜೋರಾಗಿ. ಬೆಲ್ಟ್ ಕಟ್ಟಿಕೊಂಡು ಕೂತವರು ಪೆಟ್ಟಾಗದೆ ಉಳಿದರು. ಆಗಷ್ಟೇ ಚಹಾದ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದ ಕಲ್ಯಾಣದ ಹುಡುಗಿ ಮೇಲಕ್ಕೆ ಎಸೆಯಲ್ಪಟ್ಟು, ಚಾವಣಿಗೆ ಬಡಿದು, ಆಸನದ ತೋಳಿನ ಮೇಲೆ ಬೆನ್ನು ಮಾಡಿ ಬಿದ್ದಳು.

"ಪಕ್ಕದಲ್ಲಿ ಕೋ-ಪೈಲಟ್ ಇದ್ದಳು. ಸಣ್ಣ ಪ್ರಾಯ. 'ಸರ್, ಮೂತಿ ನೋಡಿ, ಮೂತಿ' ಅಂದಳು. ನಾನು ಅವಳಿಗೇ ಕೊಟ್ಟೆ. 'ಯು ಹ್ಯಾವ್ ಕಂಟ್ರೋಲ್' ಅಂದೆ. ಅವಳು ಹಿಡಿದಳು, ವಿಮಾನ ನಿಂತಿತು. ನೀರಿನ ಮೇಲೆ ಎಲೆ ನಿಂತ ಹಾಗೆ. ಮೊನ್ನೆ ಮೊನ್ನೆವರೆಗೆ ಫ್ಲೈಯಿಂಗ್ ಸ್ಕೂಲಿನಲ್ಲಿ ಸಣ್ಣ ವಿಮಾನ ಬಿಡ್ತಿದ್ದವಳು. ಅವಳ ಕೈಗೆ ಇನ್ನೂ ನೆನಪಿತ್ತು. ಕೆಳಗೆ ಇಳಿಸಿದ್ದೂ ಅವಳೇ."

ಬೆರಳುಗಳನ್ನು ಮಡಚಿಕೊಂಡು ಹೇಳಿದರು: "ಅವಳಿಗೆ ಕೊಟ್ಟದ್ದೊಂದೇ ನಾನು ಅವತ್ತು ಸರಿಯಾಗಿ ಮಾಡಿದ್ದು."

ನಾನು ಏನೇನೋ ಸಮಾಧಾನ ಹೇಳಿದೆ. ಯಂತ್ರ ಕೆಟ್ಟದ್ದು ನಿಮ್ಮ ತಪ್ಪಲ್ಲ ಎಂದೆ. ಎಲ್ಲರೂ ಬದುಕಿದ್ದಾರಲ್ಲ ಎಂದೆ. ಅವರು ತಲೆಯಾಡಿಸುತ್ತಾ ಇದ್ದರು. ನನ್ನ ಮಾತು ಒಂದೂ ಅವರನ್ನು ಮುಟ್ಟುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಹುಡುಗಿಯ ಬೆನ್ನುಮೂಳೆಗೆ ಪೆಟ್ಟಾಗಿತ್ತು, ಸೊಂಟದ ಎಲುಬು ಒಡೆದಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಅವಳು ಮನೆಗೆ ಬಂದ ಮೇಲೆ ನಾವಿಬ್ಬರೂ ಕಲ್ಯಾಣಕ್ಕೆ ಹೋಗತೊಡಗಿದೆವು. ಇವರು ವಾರ ತಪ್ಪಿಸುತ್ತಿರಲಿಲ್ಲ. ನನಗೆ ರಜೆ ಇಲ್ಲದಿದ್ದರೆ ಒಬ್ಬರೇ ಹೋಗುತ್ತಿದ್ದರು. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಮಂಚ. ಹುಡುಗಿ ದಿಂಬಿಗೆ ಒರಗಿ ಕೂತು ನಗುತ್ತಿದ್ದಳು. "ಬರ್ರಿ ಸರ್, ಕುಂದರ್ರಿ. ಅಕ್ಕಾರ, ಅವ್ವ ಇವತ್ತ ಮಂಡಕ್ಕಿ ಮಾಡ್ಯಾಳ್ರಿ ನಿಮಗಂತ." ಇವರು ಅವಳನ್ನು ಕಂಡ ಕೂಡಲೇ "ನನ್ನಿಂದಾಗಿ" ಎಂದು ಶುರು ಮಾಡುತ್ತಿದ್ದರು. ಅವಳು ಮಾತು ತಿರುಗಿಸುತ್ತಿದ್ದಳು. ಆಸ್ಪತ್ರೆಯ ನರ್ಸುಗಳ ಕಥೆ ಹೇಳುತ್ತಿದ್ದಳು. ನೀವು ಮತ್ತೆ ಯಾವಾಗ ಡ್ಯೂಟಿಗೆ, ನಾ ನಿಮ್ಮ ಫ್ಲೈಟಿಗೇ ಬರ್ತೀನಿ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾವು ಹೊರಟಾಗ ತಾಯಿ ನಮ್ಮ ಹಿಂದೆಯೇ ಮೆಟ್ಟಿಲಿಳಿದು ಬಂದರು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡು, ನೆಲ ನೋಡುತ್ತಾ ಮಾತಾಡಿದರು.

"ಸಾಹೇಬ್ರ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವ್ ಇನ್ನ ಬರಬ್ಯಾಡ್ರಿ."

ಇವರು ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ನಿಮ್ ಮ್ಯಾಲ ನಮಗ ಸಿಟ್ಟಿಲ್ರಿ. ದೇವರಾಣಿ ಇಲ್ಲ. ಆದ್ರ ನೀವ್ ಬರ್ತೀರಿ ಅಂತ ತಿಳದ್ರ ಆಕಿ ಮುಂಜಾನಿಂದ ತಯಾರಾಗ್ತಾಳ. ನೋವಿನ ಗುಳಿಗಿ ಒಂದ್ ಹೆಚ್ಚಿಗಿ ನುಂಗತಾಳ. ನಿಮ್ ಮುಂದ ನಕ್ಕೋತ ಕುಂದರ್ತಾಳ. ನೀವ್ ಹ್ವಾದಿಂದ ಗ್ವಾಡಿಗೆ ಮಾರಿ ಹಚ್ಚಿ ಮಲಗಿದ್ರ ಮರುದಿನಾನೂ ಏಳೂದಿಲ್ಲ. ನಿಮ್ಮನ್ನ ಸಮಾಧಾನ ಮಾಡೂದು ಆಕಿಗೊಂದ್ ಕೆಲಸ ಆಗೇತ್ರಿ. ಆಕಿಗೆ ಆಕಿ ನೋವಾ ಸಾಕಾಗೇತಿ."

"ಆಯ್ತಮ್ಮ," ಎಂದರು ಇವರು. ಬಗ್ಗಿ ಅವರ ಕಾಲು ಮುಟ್ಟಲು ಹೋದರು. ತಾಯಿ ಹಿಂದೆ ಸರಿದು, "ಬ್ಯಾಡ್ರಿ, ಹಂಗ ಮಾಡಬ್ಯಾಡ್ರಿ" ಎಂದು ಅಳುತ್ತಾ ಮೇಲೆ ಹೋಗಿಬಿಟ್ಟರು.

ರೈಲಿನಲ್ಲಿ ನಾನು ಹೆಂಗಸರ ಡಬ್ಬಿಗೆ ಹೋಗದೆ ಅವರ ಜೊತೆಗೇ ಹತ್ತಿದೆ. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ನಮ್ಮಿಬ್ಬರನ್ನು ಒಂದು ಮೂಲೆಗೆ ಒತ್ತಿದರು. ಅವರ ಮುಖ ನನ್ನ ಭುಜಕ್ಕೆ ತಾಗಿಕೊಂಡಿತ್ತು. "ಆ ಅಮ್ಮ ಹೇಳಿದ್ದು ಸರಿ," ಎಂದರು. "ನಾನು ಅಲ್ಲಿಗೆ ಹೋಗ್ತಾ ಇದ್ದದ್ದು ನನಗೋಸ್ಕರ." ಆಮೇಲೆ ಅವರು ಆ ಮನೆಗೆ ಹೋಗಲಿಲ್ಲ. ನಾನು ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ. ನಿಧಾನಕ್ಕೆ ಅದೂ ಕಡಿಮೆಯಾಯಿತು.

ವಿಚಾರಣೆ ಮುಗಿಯಿತು. ಕೊಳವೆಗಳದ್ದು ಮುಖ್ಯ ದೋಷ, ಪೈಲಟ್ ಅದನ್ನು ಎದುರಿಸಿದ್ದರಲ್ಲೂ ಕೊರತೆ ಇದೆ, ತರಬೇತಿ ಕೊಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದಾಯಿತು. ಅವರು ಆ ತರಬೇತಿಗೆ ಬಿದ್ದ ರೀತಿ ನೋಡಿ ನನಗೆ ಗಾಬರಿಯಾಯಿತು. ಕಂಪನಿ ಹೇಳಿದ್ದು ಮುಗಿದ ಮೇಲೂ ಸಿಮ್ಯುಲೇಟರ್ ಖಾಲಿ ಇದ್ದಾಗಲೆಲ್ಲ ಕೇಳಿಕೊಂಡು ಹೋಗುತ್ತಿದ್ದರು. ಅಲ್ಲಿದ್ದವರಿಗೆ, ವೇಗ ತೋರಿಸುವ ಪರದೆಗಳನ್ನೆಲ್ಲ ಮುಚ್ಚಿ ಎನ್ನುತ್ತಿದ್ದರಂತೆ. ಬರೀ ಕೈಯಲ್ಲಿ ಹಿಡಿದು ಕೂರುವುದು. ಗಾಳಿ ಹಾಕಿಸಿಕೊಳ್ಳುವುದು, ಮೋಡ ಹಾಕಿಸಿಕೊಳ್ಳುವುದು. ಮೊದಮೊದಲು ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಳ್ಳುತ್ತಿದ್ದರು. ಕೆಲವು ತಿಂಗಳ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವರ ಅಂಗೈ ಮೇಲೆದ್ದು, ಸಾಂಬಾರಿನ ಪಾತ್ರೆಯ ಮೇಲೆ ವಾಲಿ, ಉಪ್ಪಿನಕಾಯಿ ಬಾಟಲಿಯ ಹತ್ತಿರ ಇಳಿಯಿತು. ಮಗಳಿಗೆ ಅದನ್ನು ಕಂಡ ನೆನಪೇ ಇರಲಿಲ್ಲ. "ಪಪ್ಪಾ, ಫಿರ್ ಸೇ ಕರೋ" ಎಂದು ಇನ್ನೊಮ್ಮೆ ಮಾಡಿಸಿದಳು. ನಾನು ಎದ್ದು ಅಡುಗೆಮನೆಗೆ ಹೋದೆ, ಕಣ್ಣೊರೆಸಿಕೊಳ್ಳಲು.

ಮತ್ತೆ ಕ್ಯಾಪ್ಟನ್ ಆಗಿ ಕೂತರು. ಒಂದು ತಿಳಿಯಾದ ಬೆಳಿಗ್ಗೆ, ಮಳೆ ಮುಗಿದು ಆಕಾಶ ತೊಳೆದಿಟ್ಟಂತಿದ್ದಾಗ, ಇಳಿಯುವ ಊರು ದೂರದಲ್ಲಿ ಕಾಣುತ್ತಿದ್ದ ಹಾಗೆ ಎಲ್ಲವನ್ನೂ ಆಫ್ ಮಾಡಿ ಕೈಗೆ ತೆಗೆದುಕೊಂಡರು. ಆ ವಿಮಾನ ನಿಲ್ದಾಣದಿಂದಲೇ ನನಗೆ ಫೋನು ಮಾಡಿದರು.

"ಬಂತು ಮಾರಾಯ್ತಿ. ಕೈ ಬಂತು. ಅದು ನನ್ನ ಜೊತೆ ಬಂತು."

ಅಷ್ಟು ವರ್ಷದಲ್ಲಿ ಆ ಧ್ವನಿಯನ್ನು ನಾನು ಕೇಳಿರಲಿಲ್ಲ. ಬ್ಯಾಂಕಿನಲ್ಲಿ ಎದುರು ಜನ ನಿಂತಿದ್ದರೂ ಜೋರಾಗಿ ನಕ್ಕುಬಿಟ್ಟೆ.

ಎರಡು ದಿನ ಕಳೆಯುವುದರೊಳಗೆ ಆಫೀಸಿಗೆ ಬರಬೇಕೆಂದು ಕರೆ ಬಂತು. ಬೇರೆಯವರು ಮಾಡಿದರೆ ಒಂದು ಫೋನಿಗೆ ಮುಗಿಯುತ್ತದೆ, ನೀವಂತೂ ಮಾಡಲೇಬಾರದು ಎಂದರಂತೆ. ನಿಮ್ಮ ಹೆಸರಿನ ಎದುರು ಆಗಲೇ ಒಂದು ಘಟನೆ ಇದೆ. ಇನ್ನೊಮ್ಮೆ ಹೀಗಾದರೆ ಕ್ಯಾಪ್ಟನ್ ಸ್ಥಾನದಿಂದ ಇಳಿಸಬೇಕಾಗುತ್ತದೆ. ಇವರು, "ಆ ಘಟನೆ ಆದದ್ದೇ ಕೈಯಲ್ಲಿ ಹಾರಿಸದೆ ಇದ್ದದ್ದಕ್ಕೆ" ಎಂದರು. ಮೇಜಿನ ಆಚೆ ಕೂತವರು, "ಯಂತ್ರದಷ್ಟು ಚೆನ್ನಾಗಿ ನೀವು ಹಾರಿಸ್ತೀರಾ?" ಎಂದು ಕೇಳಿದರು. ಇಲ್ಲ ಎಂದರು ಇವರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಮತ್ತೆ ಅದೇ ಹೋಯಿತು, ಅದೇ ಬಂತು. ಆದರೆ ಈ ಸಲ ಅವರಿಗೆ ಸುಮ್ಮನೆ ಕೂತು ಬರಲು ಆಗಲಿಲ್ಲ. ಮೋಡ ಕಂಡರೆ ಬೆವರುತ್ತಿದ್ದರು. ನಿದ್ದೆ ಹೋಯಿತು. ಮಲಗಿದರೂ ಎಡಗೈ ಹೊದಿಕೆಯನ್ನು ಹಿಡಿದು ಎಳೆಯುತ್ತಿತ್ತು. ತೂಕ ಇಳಿಯಿತು. ಮಗಳ ಶಾಲೆಯ ಕಾರ್ಯಕ್ರಮದಲ್ಲಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, ಇವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹಟ ಹಿಡಿದು ಠಾಣೆಯ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ತಾಳ್ಮೆಯಿಂದ ಎಲ್ಲ ಕೇಳಿದರು. ಔಷಧಿ ಬೇಕೇ ಬೇಕು, ತೆಗೆದುಕೊಂಡರೆ ಸದ್ಯಕ್ಕೆ ವಿಮಾನ ಹಾರಿಸುವಂತಿಲ್ಲ ಎಂದರು.

ಮರಳಿ ಬರುವಾಗ ನಾನು ಕೇಳಿದೆ, "ಮೆಡಿಕಲ್ ಪರೀಕ್ಷೆಯಲ್ಲಿ ಹೇಳ್ತೀರಾ?"

"ಹೇಳದವರು ಇದ್ದಾರೆ," ಎಂದರು. "ನನಗೆ ಆಗ್ಲಿಕ್ಕಿಲ್ಲ. ಹಿಂದೆ ಅಷ್ಟು ಜನ ಕೂತಿರ್ತಾರೆ."

ಹೇಳಿದರು. ತಾತ್ಕಾಲಿಕವಾಗಿ ಅನರ್ಹ ಎಂದು ಬಂತು. ಮುಂದಿನ ಪರೀಕ್ಷೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಕೊನೆಗೆ ಕಂಪನಿ ಕರಾರು ಮುಂದುವರಿಸಲಿಲ್ಲ. ಅತ್ತೆ ಡೊಂಬಿವಲಿಯಿಂದ ಫೋನು ಮಾಡಿ, "ಅವನಿಗೆ ಇನ್ನು ಡ್ಯೂಟಿ ಯಾವಾಗಂತೆ?" ಎಂದು ಕೇಳುತ್ತಲೇ ಇದ್ದರು, ಕೇಳುತ್ತಲೇ ತೀರಿಕೊಂಡರು. ಔಷಧಿಯಿಂದ ನಿದ್ದೆ ಬಂತು, ಬೆವರುವುದು ನಿಂತಿತು, ಮುಖದಲ್ಲಿ ಮಾಂಸ ತುಂಬಿತು. ಒಂದು ದಿನ ಡಾಕ್ಟರು, ಈಗ ನೀವು ಮತ್ತೆ ಅರ್ಜಿ ಹಾಕಬಹುದು, ನಾನು ಬರೆದುಕೊಡುತ್ತೇನೆ ಎಂದರು. ಇವರು ಬೇಡ ಎಂದು, ಥ್ಯಾಂಕ್ಸ್ ಹೇಳಿ ಎದ್ದು ಬಂದರು.

"ಯಾಕೆ ಬೇಡ ಅಂದ್ರಿ?" ಎಂದು ರಸ್ತೆಯಲ್ಲೇ ಕೇಳಿದೆ. ನನಗೆ ಸಿಟ್ಟು ಬಂದಿತ್ತು.

"ಕೂತ್ರೆ ಪುನಃ ಬಟನ್ ಒತ್ತಿ ಸುಮ್ಮನೆ ಕೂರಬೇಕು. ಅದು ಯಾವಾಗ ಕೈ ಬಿಡ್ತದೆ ಅಂತ ಕಾಯ್ತಾ. ನನಗೆ ಸಾಕಾಯ್ತು ಮಾರಾಯ್ತಿ."

ಬೇಲಾಪುರದಲ್ಲಿ ಪೈಲಟ್ ಪರೀಕ್ಷೆಗೆ ಪಾಠ ಹೇಳುವ ಒಂದು ಕ್ಲಾಸಿಗೆ ಸೇರಿದರು. ಹವಾಮಾನ, ನಕ್ಷೆ, ನಿಯಮಗಳು. ಐರೋಲಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮಕ್ಕಳಿಗೆ ಇವರೆಂದರೆ ಇಷ್ಟ. ಸಾಧ್ಯವಾದಾಗಲೆಲ್ಲ ಕೈಯಲ್ಲಿ ಹಾರಿಸಿ, ಬಿಡಬೇಡಿ ಎಂದು ಇವರು ಹೇಳಿದರೆ, ಆಗಲೇ ಅಣ್ಣನೋ ಅಕ್ಕನೋ ಕಂಪನಿಯಲ್ಲಿರುವ ಯಾರಾದರೊಬ್ಬರು, "ಸರ್, ಕಂಪನಿವಾಲೇ ಕರ್‌ನೇ ನಹೀಂ ದೇತೇ" ಎನ್ನುತ್ತಿದ್ದರಂತೆ, ಕಂಪನಿಯವರು ಬಿಡುವುದೇ ಇಲ್ಲ ಎಂದು. ಆಗ ಇವರು ಪಾಠ ಮುಂದುವರಿಸುತ್ತಿದ್ದರು.

ಒಂದು ಸಂಜೆ ನಾನು ಠಾಣೆಯಿಂದ ಬಂದು ಐರೋಲಿ ಸ್ಟೇಷನ್ನಿನಲ್ಲಿ ಅವರಿಗಾಗಿ ಕಾಯುತ್ತಿದ್ದೆ. ಐಟಿ ಪಾರ್ಕುಗಳು ಬಿಡುವ ಹೊತ್ತು. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡ ಹುಡುಗ ಹುಡುಗಿಯರು ಒಳಗೆ ನುಗ್ಗುತ್ತಿದ್ದರು. ಇವರು ರೈಲಿಳಿದು ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಎರಡು ಹೆಜ್ಜೆ ಇಟ್ಟವರು ಫಕ್ಕನೆ ನಿಂತು, ಪಕ್ಕದ ದಪ್ಪ ಕಂಬದ ಹಿಂದೆ ಸರಿದರು. ನಾನು ತಿರುಗಿ ನೋಡಿದೆ.

ಅವಳೇ. ಕಲ್ಯಾಣದ ಹುಡುಗಿ. ಕೊರಳಲ್ಲಿ ಯಾವುದೋ ಕಾಲ್ ಸೆಂಟರಿನ ಚೀಟಿ, ಕೈಯಲ್ಲಿ ಊರುಗೋಲು. ಜೊತೆಯ ಇಬ್ಬರು ಹುಡುಗಿಯರಿಗೆ ಮರಾಠಿಯಲ್ಲಿ ಏನನ್ನೋ ಹೇಳುತ್ತಾ ಗಟ್ಟಿಯಾಗಿ ನಗುತ್ತಿದ್ದಳು. ಗುಂಪು ಅವಳಿಗೆ ದಾರಿ ಬಿಟ್ಟು ಎರಡು ಪಾಲಾಗಿ ಹರಿಯುತ್ತಿತ್ತು. ಬಲಗಾಲನ್ನು ಪ್ರತಿ ಸಲವೂ ಸೊಂಟದಿಂದ ಎತ್ತಿ ಮುಂದಿಡುತ್ತಿದ್ದಳು. ನನ್ನನ್ನು ನೋಡಲಿಲ್ಲ. ಕರೆಯೋಣವೆಂದು ಬಾಯಿ ತೆರೆದೆ. ಕಂಬದ ಹಿಂದಿನಿಂದ ಇವರು ಬೇಡ ಎಂಬಂತೆ ತಲೆಯಾಡಿಸಿದರು. ಠಾಣೆಯ ರೈಲು ಬಂತು. ಜೊತೆಗಾತಿಯರು ಅವಳನ್ನು ಹೆಂಗಸರ ಡಬ್ಬಿಗೆ ಹತ್ತಿಸಿದರು.

"ಚೆನ್ನಾಗಿ ನಡೀತಾಳೆ, ಅಲ್ವಾ?" ಎಂದರು ಇವರು, ರೈಲು ಹೋದ ಮೇಲೆ.

"ಹೌದು," ಎಂದೆ.

ಹೊರಗೆ ಬಂದು, ರಸ್ತೆ ಬದಿಯಲ್ಲಿ ಕೂರುತ್ತಿದ್ದ ತರಕಾರಿಯ ಹೆಂಗಸಿನ ಹತ್ತಿರ ನಿಂತೆವು. ಇವರು ಬಗ್ಗಿ ಬೆಂಡೆಕಾಯಿ ಆರಿಸತೊಡಗಿದರು. ಎಳತೋ ಬಲಿತದ್ದೋ ಎಂದು ಒಂದೊಂದರ ತುದಿ ಮುರಿದು ನೋಡುತ್ತಿದ್ದವರು, ಮುರಿಯುತ್ತಲೇ ಅಳತೊಡಗಿದರು. ಸದ್ದಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಆ ಹೆಂಗಸು ನನ್ನ ಮುಖ ನೋಡಿದಳು. ಆಮೇಲೆ ತಕ್ಕಡಿಯನ್ನು ಕೆಳಗಿಟ್ಟು, ಬೇರೆ ಗಿರಾಕಿಗಳಿಗೆ ಸ್ವಲ್ಪ ತಡೆಯಿರಿ ಎಂದು ಕೈ ತೋರಿಸಿ, ನಮಗಾಗಿ ಕಾದಳು.